ಇಂಗ್ಲಿಷ್ ಕಲಿಸಲು ಬಂದವರು ಕಲಿತ ಕನ್ನಡ

ದಕ್ಷಿಣ ಕೊರಿಯಾದ ಪಾಜು ಎಂಬ ಊರಿನಲ್ಲಿ 2006ರಲ್ಲಿ ಒಂದು 'ಇಂಗ್ಲಿಷ್ ಹಳ್ಳಿ' ತೆರೆಯಿತು. ಅಲ್ಲಿಗೆ ಬಂದ ಶಾಲಾ ಮಕ್ಕಳು ಕೆಲವು ದಿನ ಮನೆಯನ್ನು ಬಿಟ್ಟು ಉಳಿದು, ವಿಮಾನ ನಿಲ್ದಾಣ, ಅಂಗಡಿ, ಅಂಚೆ ಕಚೇರಿಗಳ ಅಣಕು ಕಟ್ಟಡಗಳಲ್ಲಿ ವಿದೇಶಿ ಶಿಕ್ಷಕರೊಡನೆ ಇಂಗ್ಲಿಷಿನಲ್ಲೇ ವ್ಯವಹರಿಸಬೇಕಿತ್ತು. ಇಂಥ ಶಿಬಿರಗಳು ಆ ದೇಶದಲ್ಲಿ ಬೇಸಿಗೆ, ಚಳಿಗಾಲದ ರಜೆಗಳಲ್ಲಿ ನೂರಾರು ಕಡೆ ನಡೆಯುತ್ತವೆ. ಕಲಿಸಲು ಹೋಗುವವರಿಗೆ ಕೊರಿಯಾ ಕೊಡುವ ವೀಸಾಕ್ಕೆ ಒಂದು ಕಟ್ಟಳೆಯಿದೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶಗಳ ಪ್ರಜೆಗಳಷ್ಟೇ ಇಂಗ್ಲಿಷನ್ನು ತಾಯ್ನುಡಿಯಾಗಿ ಬಲ್ಲವರು. 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದ ಅನಂತರ ಅರ್ಹ ಭಾರತೀಯ ಶಿಕ್ಷಕರಿಗೂ ಬಾಗಿಲು ಒಂದಿಷ್ಟು ತೆರೆಯಿತು, ಅದೂ ಸಹಾಯಕರಾಗಿ.

ಈ ಕಟ್ಟಳೆಯನ್ನು ಓದುವಾಗಲೆಲ್ಲ ನಮಗೆ ಹೆರ್ಮನ್ ಮೋಗ್ಲಿಂಗ್ ನೆನಪಾಗುತ್ತಾರೆ. ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಆ ಮನುಷ್ಯ ಈ ವೀಸಾವನ್ನು ಪಡೆಯಲಾರರು. ಅವರ ತಾಯ್ನುಡಿ ಜರ್ಮನ್. ಆದರೂ ಕರಾವಳಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ಅವರು ಮತ್ತು ಅವರ ಸಂಗಡಿಗರು. ವಾಗ್ಳೆ ಎಸ್ಟೇಟಿನಲ್ಲಿ ನೆಲೆಸಿ, ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ಆಟದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಆ ಕಥೆ ದೂರದ್ದಲ್ಲ. ಅದರಲ್ಲಿ ನಮ್ಮ ಪಾಲಿನ ಒಂದು ಪ್ರಶ್ನೆ ಅಡಗಿದೆ.

ಬ್ರಿಟಿಷರಲ್ಲದ ಮಿಷನರಿಗಳೂ ಭಾರತದಲ್ಲಿ ಕೆಲಸ ಮಾಡಬಹುದೆಂದು 1833ರ ಚಾರ್ಟರ್ ಕಾಯಿದೆ ಅವಕಾಶ ಕೊಟ್ಟಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸಂಸ್ಥೆಯಿಂದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಸಂಸ್ಥೆ ಸ್ವಿಸ್ ದೇಶದ್ದಾದರೂ ಅಲ್ಲಿಂದ ಬಂದವರಲ್ಲಿ ಬಹುಪಾಲು ಜರ್ಮನ್ನರು. 1836ರಲ್ಲಿ ಬಂದ ಮೋಗ್ಲಿಂಗ್ 1811ರಲ್ಲಿ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮಿನಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದವರು.

ಆ ಹೊತ್ತಿಗೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಕೆನರಾ ಜಿಲ್ಲೆಯಲ್ಲಿ ಗಾಳಿ ಬದಲಾಗುತ್ತಿತ್ತು. 1835ರಲ್ಲಿ ಮೆಕಾಲೆಯ ಟಿಪ್ಪಣಿಯನ್ನು ಬೆಂಟಿಂಕ್ ಸರಕಾರ ಒಪ್ಪಿ, ಶಿಕ್ಷಣಕ್ಕೆಂದು ಇಟ್ಟ ಹಣವನ್ನು ಇಂಗ್ಲಿಷ್ ವಿದ್ಯೆಯ ಕಡೆಗೆ ತಿರುಗಿಸಿತು. 1844ರಲ್ಲಿ ಹಾರ್ಡಿಂಜ್ ಹೊರಡಿಸಿದ ನಿರ್ಣಯ, ಸರಕಾರಿ ಕೆಲಸಗಳಲ್ಲಿ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂದು ಸಾರಿತು. ಕಚೇರಿಯ ಲೇಖನಿಯಿಂದಲೇ ಬದುಕು ಕಟ್ಟಿಕೊಂಡಿದ್ದ ಮನೆತನಗಳಿಗೆ ಇದರ ಅರ್ಥ ತಿಳಿಯಲು ತಡವಾಗಲಿಲ್ಲ. ಮಿಷನ್ 1838ರಲ್ಲಿ ಮಂಗಳೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದಾಗ, ಮನೆಯಲ್ಲಿ ಕೊಂಕಣಿ ಆಡುವ ಸಾರಸ್ವತ ಹುಡುಗರೂ ಅಲ್ಲಿಗೆ ಬಂದರು. ಕಲಿಸುವವರಿಗೂ ಕಲಿಯುವವರಿಗೂ ಆ ಭಾಷೆ ಪರಭಾಷೆಯೇ. ನಡುವೆ ಸೇತುವೆಯಾಗಿದ್ದುದು ಕನ್ನಡ. ಅದನ್ನೂ ಗುರುಗಳು ಹೊಸದಾಗಿ ಕಲಿಯುತ್ತಿದ್ದರು.

ಈ ಶಾಲೆಯಲ್ಲಿ ಎರಡು ಬಯಕೆಗಳು ಒಂದೇ ಬೆಂಚಿನ ಮೇಲೆ ಕುಳಿತಿದ್ದವು. ಹೆತ್ತವರಿಗೆ ಇಂಗ್ಲಿಷ್ ಬೇಕಿತ್ತು, ಕ್ರೈಸ್ತಮತ ಬೇಕಿರಲಿಲ್ಲ. ಗುರುಗಳಿಗೆ ಮತಪ್ರಚಾರ ಬೇಕಿತ್ತು, ಇಂಗ್ಲಿಷ್ ಅದಕ್ಕೊಂದು ಬಾಗಿಲು. ಕೆಲವು ವರ್ಷ ಇಬ್ಬರೂ ಈ ವ್ಯತ್ಯಾಸವನ್ನು ನಿಭಾಯಿಸಿಕೊಂಡು ಹೋದರು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಆ ಹೊಂದಾಣಿಕೆ ಮುರಿದುಬಿತ್ತು. ಊರು ಕುದಿಯಿತು. ಅನೇಕ ಮನೆಯವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಕೌಂಡಿನ್ಯರ ಪತ್ನಿ ಅವರ ಜೊತೆ ಹೋಗಲಿಲ್ಲ. ಮೋಗ್ಲಿಂಗ್ ಅವರನ್ನು 1846ರಲ್ಲಿ ಬಾಸೆಲಿಗೆ ಕರೆದೊಯ್ದರು. ಅಲ್ಲಿ ಕಲಿತು, ಪಾದ್ರಿಯಾಗಿ ಅವರು ಮರಳಿದರು. ಒಬ್ಬನಿಗೆ ಹೊಸ ಬಾಳು ದೊರೆಯಿತು. ಒಂದು ಮನೆ ಒಡೆಯಿತು. ಒಂದು ಶಾಲೆ ತನ್ನ ಮೇಲಿಟ್ಟಿದ್ದ ನಂಬಿಕೆಯನ್ನು ಬಹುಕಾಲ ಕಳೆದುಕೊಂಡಿತು. ಯಾರ ಕಣ್ಣಿನಿಂದ ನೋಡುತ್ತೇವೆ ಎಂಬುದರ ಮೇಲೆ ಈ ಮೂರರಲ್ಲಿ ಯಾವುದು ಮುಖ್ಯವೆಂಬುದು ನಿಲ್ಲುತ್ತದೆ. ಇತಿಹಾಸ ಬರೆಯುವಾಗ ಮೂರನ್ನೂ ಹೇಳಬೇಕು.

ಆದರೆ ಇದೇ ಜನ ಇಂಗ್ಲಿಷ್ ಪಾಠದ ಆಚೆಗೆ ಮಾಡಿದ ಕೆಲಸವೇ ಕೊನೆಗೆ ಉಳಿದದ್ದು. ಬಲ್ಮಠದ ಗುಡ್ಡದ ಮೇಲೆ ಅವರು ನಡೆಸಿದ ವಿದ್ಯಾಲಯದಲ್ಲಿ ಹುಡುಗರು ಮನೆಯಿಂದ ದೂರ, ಗುರುಗಳ ಆಶ್ರಯದಲ್ಲಿ ಬಾಳುತ್ತಿದ್ದರು. ಇಂದಿನ ಶಿಬಿರಗಳಂತೆ ಅದು ಒಂದು ವಾರದ್ದಲ್ಲ, ವರ್ಷಗಟ್ಟಲೆಯದು. ಹಗಲಿರುಳು ಒಟ್ಟಿಗಿರುವ ಮಕ್ಕಳೊಡನೆ ಪುಸ್ತಕದ ಭಾಷೆ ಸಾಲದು. ಹಸಿವು, ಜ್ವರ, ಜಗಳ, ಮನೆಯ ನೆನಪು, ಇವೆಲ್ಲವೂ ಕನ್ನಡದಲ್ಲೋ ತುಳುವಿನಲ್ಲೋ ಬರುತ್ತವೆ. ಮೋಗ್ಲಿಂಗ್ ಕನ್ನಡ ಗಾದೆಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು ಎಂಬುದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಆಶ್ಚರ್ಯವೆನಿಸದು. ಗಾದೆ ಅಂಗಳದ ಮಾತು. ಪಂಡಿತರ ಓಲೆಗರಿಯಿಂದ ಅದನ್ನು ಹೆಕ್ಕಲಾಗದು.

ಅಚ್ಚು ಹಾಕಲು ಯಂತ್ರ ಬೇಕಿತ್ತು. ಅದು ಬಂದದ್ದು ನಮ್ಮ ಮುಂಬಯಿಯಿಂದ. ಗಾಟ್‌ಫ್ರೀಡ್ ವೈಗ್ಲೆ 1841ರಲ್ಲಿ ಮುಂಬಯಿಯಿಂದ ಒಂದು ಕಲ್ಲಚ್ಚಿನ ಕೈಯಂತ್ರವನ್ನೂ ಇಬ್ಬರು ಮರಾಠಿ ಸಹಾಯಕರನ್ನೂ ಮಂಗಳೂರಿಗೆ ಕರೆತಂದರು. ವೈಗ್ಲೆಗೂ ನಮ್ಮ ವಾಗ್ಳೆಗೂ ಹೆಸರಿನ ಹೋಲಿಕೆ ಬಿಟ್ಟರೆ ಬೇರೆ ನಂಟಿಲ್ಲ. ಆದರೂ ಕನ್ನಡದ ಮೊದಲ ಪತ್ರಿಕೆಯ ಹುಟ್ಟಿನಲ್ಲಿ ಮುಂಬಯಿಯ ಯಂತ್ರ, ಮರಾಠಿಗರ ಕೈ, ಜರ್ಮನ್ನರ ಹಟ ಮೂರೂ ಕೂಡಿದ್ದವು ಎಂಬುದು ಈ ನೆಲದ ಕನ್ನಡಿಗರು ನೆನಪಿಡಬೇಕಾದ ಸಂಗತಿ. ಮೋಗ್ಲಿಂಗರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂತು. ಮರುವರ್ಷ ಅದು ಬಳ್ಳಾರಿಗೆ ಹೋಗಿ, ಅಲ್ಲಿ ಮೊಳೆಯಚ್ಚಿನಲ್ಲಿ 'ಕನ್ನಡ ಸಮಾಚಾರ'ವಾಯಿತು. 1848ರಿಂದ 1851ರವರೆಗೆ ಕ್ಯಾಸಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ ಮೋಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯನ್ನು ತಂದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಿನ ಮುಖ ಕಂಡವು. ಮತಪ್ರಚಾರಕ್ಕೆಂದು ಬಂದವರು ಹರಿದಾಸರ ಪದಗಳನ್ನು ಒಟ್ಟುಗೂಡಿಸಿದರು. ಕಲಿಸಲು ಬಂದವನ ಕೈಯನ್ನು ಕಲಿಕೆಯ ಭಾಷೆ ಎಲ್ಲಿಗೆ ಎಳೆದೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ರೈಲು ಠಾಣೆಗೆ ಬಂದು ನಿಂತಿತು. ಅದೇ ವರ್ಷ ಫರ್ಡಿನೆಂಡ್ ಕಿಟ್ಟೆಲ್ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದ ಅವರು 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿತ್ತರು. ಅದರ ಅರ್ಥವಿವರಣೆಗಳು ಅವರ ತಾಯ್ನುಡಿಯಲ್ಲಿಲ್ಲ. ಎರಡೂ ಬದಿಯಲ್ಲಿ ಅವರು ಕಲಿತ ಭಾಷೆಗಳೇ ನಿಂತಿವೆ. ಗಾದೆ, ಆಡುಮಾತು, ಹಳಗನ್ನಡದ ಪ್ರಯೋಗ ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲಿ ಕೂತಿವೆ.

ಇದು ಕರಾವಳಿಯಲ್ಲಿ ಮಾತ್ರ ನಡೆದ ಪವಾಡವಲ್ಲ. ಕೊರಿಯಾದ ಅರಸು 1886ರಲ್ಲಿ ಸೋಲ್ ನಗರದಲ್ಲಿ ಇಂಗ್ಲಿಷ್ ಕಲಿಸಲೆಂದು ಸರಕಾರಿ ಶಾಲೆಯೊಂದನ್ನು ತೆರೆದಾಗ ಅಮೆರಿಕದಿಂದ ಮೂವರು ತರುಣರು ಶಿಕ್ಷಕರಾಗಿ ಬಂದರು. ಅವರಲ್ಲೊಬ್ಬ ಹೋಮರ್ ಹಲ್ಬರ್ಟ್. ಇಂದಿನ ಶಿಬಿರಗಳ ಶಿಕ್ಷಕರಿಗೆ ಈತನೇ ಮೂಲಪುರುಷನೆನ್ನಬೇಕು. ಆ ದೇಶದ ವಿದ್ವಾಂಸರು ಚೀನೀ ಅಕ್ಷರಗಳನ್ನೇ ಗೌರವಿಸಿ, ತಮ್ಮದೇ ಹಂಗುಲ್ ಲಿಪಿಯನ್ನು ಕೀಳೆಂದು ಬದಿಗಿಟ್ಟಿದ್ದ ಕಾಲವದು. ಹಲ್ಬರ್ಟ್ ಹಂಗುಲ್ ಕಲಿತು, ಪ್ರಪಂಚದ ಭೂಗೋಳವನ್ನು ವಿವರಿಸುವ 'ಸಾಮಿನ್ ಪಿಲ್ಜಿ' ಎಂಬ ಪಠ್ಯಪುಸ್ತಕವನ್ನು ಆ ಲಿಪಿಯಲ್ಲೇ ಬರೆದ. ಮುಂದೆ ಜಪಾನಿನ ಆಕ್ರಮಣದ ವಿರುದ್ಧ ಕೊರಿಯನ್ನರ ಪರವಾಗಿ ದನಿಯೆತ್ತಿದ. 1949ರಲ್ಲಿ ಮರಳಿ ಬಂದು ಸೋಲಿನಲ್ಲೇ ತೀರಿಕೊಂಡು, ಅಲ್ಲಿಯ ಮಣ್ಣಿನಲ್ಲೇ ಸೇರಿದ. ಕೊರಿಯನ್ನರು ಅವನನ್ನು ಇಂದಿಗೂ ಆದರಿಸುತ್ತಾರೆ. ಅವನು ಕಲಿಸಿದ ಇಂಗ್ಲಿಷ್ ಪಾಠಗಳಿಗಿಂತ ಅವರ ಲಿಪಿಗೆ ಅವನು ತೋರಿದ ಗೌರವಕ್ಕಾಗಿ ಅವನ ಹೆಸರು ಉಳಿದಿದೆ.

ಮಂಗಳೂರಿನವರ ಕಥೆಗೆ ಅಂಥ ನೆಮ್ಮದಿಯ ಮುಕ್ತಾಯ ದೊರೆಯಲಿಲ್ಲ. 1914ರಲ್ಲಿ ಮಹಾಯುದ್ಧ ತೊಡಗಿದೊಡನೆ ಜರ್ಮನ್ ಪ್ರಜೆಗಳಾದ ಮಿಷನರಿಗಳು ರಾತ್ರಿ ಬೆಳಗಾಗುವುದರೊಳಗೆ ಶತ್ರುಗಳಾದರು. ಅವರಲ್ಲಿ ಹಲವರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಕಳಿಸಲಾಯಿತು. ಅನಂತರ ಉಳಿದವರೊಡನೆ ಹಡಗು ಹತ್ತಿಸಿ ಹಿಂದಟ್ಟಲಾಯಿತು. ಎಂಬತ್ತು ವರ್ಷ ಪರರ ಮಕ್ಕಳನ್ನು ವಸತಿಶಾಲೆಗಳಲ್ಲಿ ಇಟ್ಟುಕೊಂಡು ಕಲಿಸಿದ ಸಂಸ್ಥೆಯ ಶಿಕ್ಷಕರು ಕೊನೆಗೆ ಮಹಾರಾಷ್ಟ್ರದ ನೆಲದಲ್ಲಿ, ತಂತಿಬೇಲಿಯ ಹಿಂದೆ, ತಾವೇ ಶಿಬಿರವಾಸಿಗಳಾದರು. ಯಾವ ಇಂಗ್ಲಿಷ್ ಸಾಮ್ರಾಜ್ಯದ ಭಾಷೆಯನ್ನು ಅವರು ಕಲಿಸಿದರೋ ಅದೇ ಸಾಮ್ರಾಜ್ಯ ಅವರನ್ನು ಪರದೇಶಿಗಳೆಂದು ಗುರುತಿಸಿತು.

ಈಗ ನಮ್ಮ ವಾಗ್ಳೆ ಎಸ್ಟೇಟಿಗೆ ಬರೋಣ. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದಾಗ ಅದರ ಮೊದಲ ಕೈಗಾರಿಕಾ ವಸಾಹತು ಇದು. ಕಾರ್ಖಾನೆಗಳು ಬಂದಂತೆ ಊಟದ ಹೋಟೆಲುಗಳೂ, ಅವುಗಳ ಹಿಂದೆ ಕರಾವಳಿಯ ಜನರೂ ಬಂದರು. ಅದಕ್ಕೂ ಬಹಳ ಮೊದಲೇ, 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಮುಂಬಯಿಯಲ್ಲಿ ರಾತ್ರಿಶಾಲೆಗಳನ್ನು ನಡೆಸಿ, ಹಗಲು ದುಡಿದ ಹುಡುಗರಿಗೆ ಕನ್ನಡದ ಮೂಲಕವೇ ಇಂಗ್ಲಿಷನ್ನೂ ಲೆಕ್ಕವನ್ನೂ ಕಲಿಸಿದ್ದವು. ಆ ಹುಡುಗರು ಕನ್ನಡವನ್ನು ಊರಿನಿಂದ ಕಟ್ಟಿಕೊಂಡು ಬಂದಿದ್ದರು. ಶಾಲೆ ಅದನ್ನು ಹುಟ್ಟಿಸಬೇಕಾಗಿರಲಿಲ್ಲ, ಕಾಪಾಡಿದರೆ ಸಾಕಿತ್ತು.

ಅವರ ಮೊಮ್ಮಕ್ಕಳ ಕಾಲಕ್ಕೆ ಈ ಲೆಕ್ಕ ತಲೆಕೆಳಗಾಗಿದೆ. ಭಾನುವಾರದ ಕನ್ನಡ ವರ್ಗಕ್ಕೆ ಬರುವ ಮಗುವಿಗೆ ಇಂಗ್ಲಿಷ್ ಸಲೀಸು, ಮರಾಠಿ ಸಹಜ, ಹಿಂದಿ ಗೆಳೆಯರದು; ಕನ್ನಡ ಮಾತ್ರ ಅಜ್ಜ ಅಜ್ಜಿಯರ ಫೋನಿನಲ್ಲಿ ಕೇಳಿಬರುವ ದನಿ. ನಾವು ಇಷ್ಟು ದಿನ ಮಂಗಳೂರಿನ ಆ ಕಥೆಯಲ್ಲಿ ನಮ್ಮನ್ನು ಬೆಂಚಿನ ಮೇಲೆ ಕುಳಿತ ಕನ್ನಡದ ಹುಡುಗರ ಜಾಗದಲ್ಲಿ ಇಟ್ಟು ಓದಿದ್ದೇವೆ. ನಿಜದಲ್ಲಿ ನಾವೀಗ ನಿಂತಿರುವುದು ಕರಿಹಲಗೆಯ ಪಕ್ಕ, ಮೋಗ್ಲಿಂಗ್ ನಿಂತ ಕಡೆ. ನಮ್ಮ ಮಕ್ಕಳ ಲೋಕಕ್ಕೆ ಹೊರಗಿನ ಭಾಷೆಯೊಂದನ್ನು ಹೊತ್ತುಕೊಂಡು ಹೋಗುವ ಪರದೇಶಿ ಶಿಕ್ಷಕರು ನಾವೇ.

ಹಾಗಾದರೆ ಆ ಪರದೇಶಿಗಳಿಂದ ಕಲಿಯಬೇಕಾದದ್ದು ಎರಡಿದೆ. 1844ರ ಪಾಠ ಮೊದಲನೆಯದು: ಭಾಷೆಯ ಹಿಂದೆ ಬೇರೊಂದು ಹೊರೆಯನ್ನು ಮುಚ್ಚಿಟ್ಟು ಕೊಟ್ಟರೆ ಬೆಂಚು ಖಾಲಿಯಾಗುತ್ತದೆ. ಕನ್ನಡದ ಹೆಸರಿನಲ್ಲಿ ನಮ್ಮ ಹಳಹಳಿಕೆ, ಜಾತಿಯ ಅಭಿಮಾನ, ವೇದಿಕೆಯ ಭಾಷಣ ಇವುಗಳನ್ನು ತುಂಬಿಕೊಟ್ಟರೆ ಮಕ್ಕಳು ಏನನ್ನೂ ಹೇಳದೆ ಮುಂದಿನ ಭಾನುವಾರ ಬರುವುದನ್ನು ನಿಲ್ಲಿಸುತ್ತಾರೆ. ಎರಡನೆಯದು ಗಾದೆಗಳ ಪಾಠ. ಮೋಗ್ಲಿಂಗ್ ಕಲಿಸುವ ಮೊದಲು ಕೇಳಿಸಿಕೊಂಡರು, ಕೇಳಿದ್ದನ್ನು ಬರೆದಿಟ್ಟರು. ನಮ್ಮ ಮಗು ಮರಾಠಿಯ ಗಾದೆಯೊಂದನ್ನು ಹೇಳಿದಾಗ ಅದನ್ನು ತಿದ್ದದೆ, ಅದರ ಕನ್ನಡದ ಜೋಡಿಯನ್ನು ಪಕ್ಕದಲ್ಲಿಟ್ಟರೆ ಪಾಠ ಅಲ್ಲಿಂದಲೇ ಹೊರಡುತ್ತದೆ. ಎರಡೂ ನೆಲಗಳಲ್ಲಿ ಮಳೆ, ಸೊಸೆ, ಸಾಲ, ಎಮ್ಮೆಗಳ ಕುರಿತ ಮಾತುಗಳು ಸಾಕಷ್ಟಿವೆ.

ಕಿಟ್ಟೆಲ್ ನಿಘಂಟು ನಮ್ಮಲ್ಲಿ ಹಲವರ ಕಪಾಟಿನಲ್ಲಿದೆ, ಬಹುಪಾಲು ಗೌರವದಿಂದ, ತೆರೆಯದೆ. ಈ ಮಳೆಗಾಲದ ವರ್ಗಗಳಲ್ಲಿ ಅದನ್ನು ಮಕ್ಕಳ ಕೈಗೆ ಕೊಟ್ಟು, ತಮ್ಮ ಹೆಸರಿನ ಅರ್ಥವನ್ನು ತಾವೇ ಹುಡುಕಲು ಬಿಡಬೇಕು. ಒಂದು ಬದಿಯಲ್ಲಿ ಅವರಿಗೆ ಗೊತ್ತಿರುವ ಇಂಗ್ಲಿಷ್ ಇದೆ; ಇನ್ನೊಂದು ಬದಿಯಲ್ಲಿ ಅವರಿಗಾಗಿ ಕನ್ನಡ ಕಾದಿದೆ.