ನಗೆಯ ಮೊನೆ ಯಾರ ಕಡೆಗೆ?

ದೊರೆಯನ್ನು ನೋಡಿ ನಕ್ಕವರೆಲ್ಲ ಬಡವರ ನಂಟರೇ? ಇಂಗ್ಲೆಂಡಿನ ಜಾರ್ಜ್ ದೊರೆಗಳ ಕಾಲದ ವ್ಯಂಗ್ಯಚಿತ್ರಗಳನ್ನು ಮುಂದಿಟ್ಟುಕೊಂಡು ನಾವು ಈ ಪ್ರಶ್ನೆ ಕೇಳಬೇಕಾಗಿದೆ.

ಆ ಚಿತ್ರಗಳಿಗೆ ಅಂಜಿಕೆ ಇರಲಿಲ್ಲ, ನಿಜ. 1792ರಲ್ಲಿ ಜೇಮ್ಸ್ ಗಿಲ್ರೇ ಯುವರಾಜನನ್ನು ಬರೆದ. ಉಂಡು ಬಿರಿಯುತ್ತಿರುವ ಹೊಟ್ಟೆ, ಫೋರ್ಕಿನಿಂದ ಹಲ್ಲು ಕುಕ್ಕಿಕೊಳ್ಳುವ ಕೈ, ಪಕ್ಕದಲ್ಲಿ ತೀರಿಸದ ಸಾಲದ ಚೀಟಿಗಳು. ಇಂಥವನ್ನು ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚು ಹಾಕಿ, ಕೈಯಿಂದ ಬಣ್ಣ ತುಂಬಿ ಮಾರುತ್ತಿದ್ದರು. ಕೊಳ್ಳುವವರು ಉಳ್ಳವರು. ಕೂಲಿಯವರಿಗೆ ಅಂಗಡಿಯ ಗಾಜಿನ ಹೊರಗೆ ನಿಂತು ನೋಡುವುದಷ್ಟೇ ಗತಿ.

1819ರ ಆಗಸ್ಟ್ 16. ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನ. ನೇಕಾರರು, ನೂಲುವವರು, ಹೆಂಗಸರು, ಮಕ್ಕಳು, ಸುಮಾರು 60,000 ಮಂದಿ ಸೇರಿದ್ದರು. ಅಷ್ಟು ದೊಡ್ಡ ಊರಿಗೆ ಪಾರ್ಲಿಮೆಂಟಿನಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಜನ ಕೇಳಿದ್ದು ಓಟು. ಸಿಕ್ಕಿದ್ದು ಕತ್ತಿ. ಅಂಗಡಿಕಾರರು, ಗಿರಣಿ ಧಣಿಗಳು ಸೇರಿದ್ದ ಕುದುರೆಪಡೆ ಗುಂಪಿಗೆ ನುಗ್ಗಿತು. ಕನಿಷ್ಠ 15 ಜನ ಸತ್ತರು, 600ಕ್ಕೂ ಹೆಚ್ಚು ಜನ ಗಾಯಗೊಂಡರು. ಆಳುತ್ತಿದ್ದ ಯುವರಾಜ ಮ್ಯಾಜಿಸ್ಟ್ರೇಟರಿಗೆ ಶಹಬಾಸ್ ಹೇಳಿ ಕಳಿಸಿದ!

ಜಾರ್ಜ್ ಕ್ರೂಕ್‌ಶ್ಯಾಂಕ್ ಈ ಕೊಲೆಯನ್ನು ಬರೆದ. ಊದಿದ ಮೈಯ ಸವಾರರು ರಕ್ತ ಸುರಿಯುವ ಕೊಡಲಿ ಎತ್ತಿದ್ದಾರೆ. ಸತ್ತಷ್ಟೂ ಬಡವರ ಪಾಲಿನ ತೆರಿಗೆ ಉಳೀತದೆ ಅಂತ ಒಬ್ಬ ಹುರಿದುಂಬಿಸುತ್ತಾನೆ. ಆ ವರ್ಷದ ಕೊನೆಗೆ ಅವನು ವಿಲಿಯಂ ಹೋನ್ ಜೊತೆ ಒಂದು ಶಿಲ್ಲಿಂಗಿನ ಕಿರುಪುಸ್ತಕ ತಂದ. ಈ ಹೋನ್, ಪ್ರಾರ್ಥನೆಗಳ ಧಾಟಿಯಲ್ಲಿ ಸರ್ಕಾರವನ್ನು ಅಣಕಿಸಿದ ಅಂತ 1817ರಲ್ಲಿ ಮೂರು ದಿನ ಮೂರು ಮೊಕದ್ದಮೆ ಎದುರಿಸಿ, ತಾನೇ ವಾದಿಸಿ, ಮೂರನ್ನೂ ಗೆದ್ದವನು. ಪುಸ್ತಕದ್ದು ಮಕ್ಕಳ ಪದ್ಯದ ಧಾಟಿ, ಮರದಚ್ಚಿನ ಚಿತ್ರ. ಅಕ್ಷರದ ಜೊತೆಗೇ ಅಚ್ಚಾಗುವುದರಿಂದ ಖರ್ಚು ಕಮ್ಮಿ. ಹತ್ತಾರು ಸಲ ಮರುಮುದ್ರಣವಾಯಿತು. ಹೆದರಿದ ಅರಮನೆ 1820ರಲ್ಲಿ ದೊರೆಯನ್ನು ಕೆಟ್ಟದಾಗಿ ಬರೆಯಬಾರದು ಅಂತ ಕ್ರೂಕ್‌ಶ್ಯಾಂಕನಿಗೆ 100 ಪೌಂಡು ಕೊಟ್ಟಿತು. ಹಣ ತಗೊಂಡ, ದೊರೆಯನ್ನು ಬರೆಯುವುದನ್ನೂ ಬಿಡಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅವನು ನಮ್ಮವನೇ. ಆದರೆ ಅದೇ 1819ರಲ್ಲಿ ಅದೇ ಕೈ ಇನ್ನೊಂದು ಚಿತ್ರ ಬರೆದಿದೆ: ‘ದಿ ನ್ಯೂ ಯೂನಿಯನ್ ಕ್ಲಬ್’. ಅದರಲ್ಲಿ ಗುಲಾಮಗಿರಿಯ ವಿರೋಧಿಗಳ ಔತಣಕ್ಕೆ ಬಂದ ಕಪ್ಪುಜನ ಕುಡಿದು, ಕುಣಿದು, ಹೊಡೆದಾಡುತ್ತಾರೆ. ಮುಖಗಳೆಲ್ಲ ವಿಕಾರ. ಸಮಾನವಾಗಿ ಕೂರಿಸಿದರೆ ಇವರು ಹೀಗೇ ಅನ್ನುವ ನಗೆ ಅದು. ಈ ನಗೆ ನಮಗೆ ಹೊಸದೇ?

ಆ ವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ವೆಡರ್‌ಬರ್ನ್ ಮಾತಾಡುತ್ತಿದ್ದ. ಜಮೈಕಾದ ಗುಲಾಮ ತಾಯಿಯ ಮಗ, ಕಸುಬಿನಲ್ಲಿ ದರ್ಜಿ. ಗುಲಾಮನಿಗೆ ಒಡೆಯನನ್ನು ಕೊಲ್ಲುವ ಹಕ್ಕಿದೆಯೇ ಎಂಬ ಚರ್ಚೆಯನ್ನೇ ಅವನ ಸಭೆ ಎತ್ತಿಕೊಂಡಿತ್ತು. 1820ರಲ್ಲಿ ಧರ್ಮನಿಂದೆಯ ಹೆಸರಿನಲ್ಲಿ ಅವನಿಗೆ ಎರಡು ವರ್ಷ ಜೈಲು. ಹೋನ್ ಗೆದ್ದ ಜಾಗದಲ್ಲಿ ಇವನು ಸೋತ.

ಮ್ಯಾಂಚೆಸ್ಟರಿನ ಮಗ್ಗಕ್ಕೆ ಬಂದ ಹತ್ತಿಯಲ್ಲಿ ಗುಲಾಮರು ಬಿಡಿಸಿದ್ದು ಬಹಳ. ಬೆವರು ಒಂದೇ ಎಳೆಯಲ್ಲಿತ್ತು. ಕ್ರೂಕ್‌ಶ್ಯಾಂಕನ ನಗೆ ಮಾತ್ರ ಎರಡು ದಾರಿ ಹಿಡಿಯಿತು.

ಗೆಳೆಯರೇ, ಅರಮನೆಯನ್ನು ಗೇಲಿ ಮಾಡಿದವನಿಗೆಲ್ಲ ನಾವು ಹಾರ ಹಾಕುವುದು ಬೇಡ. ಅವನ ಲೇಖನಿ ಕೇರಿಯ ಕಡೆ ತಿರುಗಿದಾಗ ಏನು ಬರೆಯಿತು ಅಂತ ಮೊದಲು ಕೇಳೋಣ. ನಮ್ಮ ಮುಖವನ್ನು ನಾವೇ ಬರೆದುಕೊಳ್ಳುವ ದಿನದವರೆಗೂ ಈ ಪ್ರಶ್ನೆ ಬಿಡುವಂತಿಲ್ಲ.