ನದೀಮೂಲದಲ್ಲಿ ಒಂದು ರಾತ್ರಿ

ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂಬುದು ನಮ್ಮ ಹಿರಿಯರ ಮಾತು. ಆ ಮಾತನ್ನು ಮೀರಿ ನಾನೊಮ್ಮೆ ಮಿಸಿಸಿಪ್ಪಿಯ ಮೂಲವನ್ನು ನೋಡಲು ಹೋದೆ.

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದ ಕಾಡಿನಲ್ಲಿ ಇಟಾಸ್ಕ ಎಂಬ ಸರೋವರವಿದೆ. ಅದನ್ನು ಸುತ್ತುವರಿದ 32,000 ಎಕರೆಗೂ ಮಿಕ್ಕಿದ ಪ್ರದೇಶ ಆ ರಾಜ್ಯದ ಉದ್ಯಾನ. ಡೇರೆ ಹಾಕಲು ತಾಣಗಳು, ದಿಮ್ಮಿಗಳಿಂದ ಕಟ್ಟಿದ ಕುಟೀರಗಳು, ದೋಣಿಗಳು, ಸೈಕಲ್ ಹಾದಿ ಎಲ್ಲವೂ ಅಲ್ಲುಂಟು. ಸರೋವರದ ಉತ್ತರ ತುದಿಯಲ್ಲಿ, ಸಾಲುಗಲ್ಲುಗಳ ಸಂದಿನಿಂದ ತಿಳಿನೀರು ಹೊರಬೀಳುತ್ತದೆ. ಅದೇ ಮಿಸಿಸಿಪ್ಪಿ. ಇಲ್ಲಿಂದ ಸಮುದ್ರಕ್ಕೆ 2,552 ಮೈಲಿ ಎಂದು ಪಕ್ಕದ ಮರದ ಕಂಬ ಸಾರುತ್ತದೆ. ಮಕ್ಕಳು ನಗುತ್ತ ಕಲ್ಲಿಂದ ಕಲ್ಲಿಗೆ ಹಾರಿ ಮಹಾನದಿಯನ್ನು ದಾಟುತ್ತಿದ್ದರು. ನಾನೂ ದಾಟಿದೆ.

ಈ ಮೂಲವನ್ನು 1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಕಂಡುಹಿಡಿದನೆಂದು ಬಹುಕಾಲ ಪುಸ್ತಕಗಳು ಹೇಳಿದವು. ಆದರೆ ಅವನನ್ನು ಅಲ್ಲಿಗೆ ಕರೆದೊಯ್ದವರು ಓಜಿಬ್ವೆ ಜನಾಂಗದ ಓಜಾವಿಂಡಿಬ್. ಆ ಜನರ ಭಾಷೆಯಲ್ಲಿ ಸರೋವರಕ್ಕೆ ಆಗಲೇ ಹೆಸರಿತ್ತು. ಎಲ್ಕ್ ಎಂಬ ದೊಡ್ಡ ಜಿಂಕೆಯ ಹೆಸರು. ಸ್ಕೂಲ್‌ಕ್ರಾಫ್ಟ್ ಅದನ್ನು ಬಿಟ್ಟು ಲ್ಯಾಟಿನಿನ ಎರಡು ಪದಗಳನ್ನು ಹಿಡಿದ: ವೆರಿಟಾಸ್, ಕಾಪುಟ್. ಸತ್ಯ ಮತ್ತು ಶಿರಸ್ಸು. ಮೊದಲ ಪದದ ತಲೆಯನ್ನೂ ಎರಡನೆಯದರ ಬಾಲವನ್ನೂ ಕತ್ತರಿಸಿ, ಉಳಿದುದನ್ನು ಬೆಸೆದು 'ಇಟಾಸ್ಕ' ಎಂದ. ಸತ್ಯದ ತಲೆ ಹೀಗೆ ಹೆಸರಿನಲ್ಲಿಯೇ ಹೋಯಿತು.

ಜೇಕಬ್ ಬ್ರೋವರ್ ಎಂಬಾತನ ಹಟದಿಂದ 1891ರಲ್ಲಿ ಉದ್ಯಾನದ ಕಾಯಿದೆ ಬಂದಿತು. ಶಾಸನಸಭೆಯಲ್ಲಿ ಗೆದ್ದದ್ದು ಒಂದೇ ಒಂದು ಮತದಿಂದ. ಕಾಯಿದೆ ಬಂದ ಮಾತ್ರಕ್ಕೆ ಕೊಡಲಿ ನಿಲ್ಲಲಿಲ್ಲ. ದಿಮ್ಮಿಗಳನ್ನು ತೇಲಿಸಲು ನಾಟಾ ವ್ಯಾಪಾರಿಗಳು ನೀರಿಗೆ ಕಟ್ಟೆ ಕಟ್ಟಿದರು; ನೀರೇರಿ ದಡದ ಪೈನ್ ಮರಗಳಿಗೆ ಸಂಚಕಾರ ಬಂದಿತು. 1903ರಲ್ಲಿ ಉದ್ಯಾನದ ಅಧಿಕಾರ ಇಪ್ಪತ್ನಾಲ್ಕರ ತರುಣಿ ಮೇರಿ ಗಿಬ್ಸ್‌ಳ ಕೈಗೆ ಬಂದಿತು. ಬಂದೂಕಿನ ಬೆದರಿಕೆಗೂ ಅಳುಕದೆ ಅವಳು ತೂಬಿನ ಸನ್ನೆಗೋಲಿಗೆ ಕೈ ಹಾಕಿದಳೆಂದು ಅಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಆದರೆ ಕೆಲವೇ ತಿಂಗಳಲ್ಲಿ ಹುದ್ದೆ ಅವಳ ಕೈತಪ್ಪಿತು. ಇಂದು ಮೂಲದ ಬಳಿಯ ಸಂದರ್ಶಕರ ಭವನಕ್ಕೆ ಅವಳದೇ ಹೆಸರು.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ನಾನು ಭಕ್ತಿಯಿಂದ ದಾಟಿದ ಆ ಸಾಲುಗಲ್ಲುಗಳು ಪ್ರಕೃತಿ ಇಟ್ಟವಲ್ಲ. ಅಲ್ಲಿದ್ದದ್ದು ಜೌಗು, ಕೆಸರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಸರಕಾರ ಕೆಲಸ ಕೊಟ್ಟ ನಿರುದ್ಯೋಗಿ ತರುಣರು ಕೆಸರನ್ನು ಮುಚ್ಚಿ, ಕಾಲುವೆಯನ್ನು ತಿದ್ದಿ, ಕಲ್ಲುಗಳನ್ನು ಜೋಡಿಸಿದರು.

ಅಂದು ರಾತ್ರಿ ಡೇರೆಯಲ್ಲಿ ಮಲಗಿ ಯೋಚಿಸಿದೆ. ಹಿರಿಯರು ಮೂಲ ಕೆದಕಬೇಡವೆಂದದ್ದು ಭಕ್ತಿ ಕುಂದೀತೆಂಬ ಭಯದಿಂದ ಇರಬಹುದು. ನನಗೇನೋ ಅದು ಕುಂದಲಿಲ್ಲ. ಪಾಲುದಾರರು ಹೆಚ್ಚಾದರು, ಅಷ್ಟೇ. ದಾರಿ ತೋರಿದವರು, ಒಂದು ಮತ ಹಾಕಿದವನು, ತೂಬಿಗೆ ಕೈ ಹಾಕಿದವಳು, ಕಲ್ಲು ಹೊತ್ತ ಹುಡುಗರು. ಬೆಳಿಗ್ಗೆ ಮತ್ತೊಮ್ಮೆ ಹೋಗಿ ಆ ಕಲ್ಲುಗಳ ಮೇಲೆ ನಡೆದೆ. ಈ ಸಲ ಯಾರ ಕೈಗಳು ಇಟ್ಟವೆಂದು ತಿಳಿದು.