ಡಬ್ಬ ಟಿವಿ, ಚಪ್ಪಟೆ ಟಿವಿ ಮತ್ತು ಅಪ್ಪನ ಕನ್ನಡಕ

ಹೋದ ತಿಂಗಳು ಅಜ್ಜಿ ಮನೆಗೆ ಹೋಗಿದ್ದೆ. ತಿಪಟೂರಿನಿಂದ ಸ್ವಲ್ಪ ಒಳಗೆ ಒಂದು ಹಳ್ಳಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಕೊಬ್ಬರಿ ಅಟ್ಟ ಇರುತ್ತೆ, ಗೊತ್ತಲ್ಲ? ಆ ಅಟ್ಟದ ಕೆಳಗಿನ ರೂಮಿನಲ್ಲಿ ಹಳೇ ಬೆಡ್‌ಶೀಟ್ ಹೊದ್ದುಕೊಂಡು ನಮ್ಮ 21 ಇಂಚಿನ ಡಬ್ಬ ಟಿವಿ ಕೂತಿತ್ತು. ಸುಮ್ಮನೆ ಸ್ವಿಚ್ ಹಾಕಿದೆ. 'ಟಣ್' ಅಂತ ಒಂದು ಸದ್ದು. ಮುಂಗೈಯನ್ನು ಗಾಜಿನ ಹತ್ತಿರ ಒಯ್ದರೆ ರೋಮವೆಲ್ಲ ಎದ್ದು ನಿಂತಿತು. ಬಿಸಿಯಾದ ಧೂಳಿನ ವಾಸನೆ. ಆಮೇಲೆ ನಿಧಾನಕ್ಕೆ ಬೆಳಕು ಮೂಡಿತು. ಇನ್ನೂ ಬದುಕಿದೆ ಆಸಾಮಿ!

ಈ ಟಿವಿಯನ್ನು ಮನೆಯಿಂದ ಓಡಿಸಿದ್ದು ನಾನೇ. 2011ರಲ್ಲಿ ನಾನು ಎಂಟನೇ ಕ್ಲಾಸು. ವಿಶ್ವಕಪ್ ನಮ್ಮಲ್ಲೇ ನಡೀತಿತ್ತು. ಕ್ಲಾಸಿನಲ್ಲಿ ಅರ್ಧ ಜನರ ಮನೆಗೆ ಎಲ್‌ಸಿಡಿ ಬಂದಿದೆ ಅಂತ ಸುಳ್ಳು ಹೇಳಿ (ಬಂದಿದ್ದು ಮೂರು ಜನರ ಮನೆಗೆ :-)) ಅಪ್ಪನ ತಲೆ ತಿಂದು, 32 ಇಂಚಿನ ಒಂದು ಚಪ್ಪಟೆ ಟಿವಿ ತರಿಸಿದೆ. ಡಬ್ಬ ಟಿವಿ ಅಜ್ಜಿ ಮನೆಗೆ ಹೋಯ್ತು.

ಮೊದಲನೇ ಮ್ಯಾಚಿನಿಂದಲೇ ಅಪ್ಪನ ಗೊಣಗಾಟ ಶುರು. "ಚೆಂಡು ಸರಿಯಾಗಿ ಕಾಣಲ್ಲ ಕಣೋ. ಹೊಡೆದ ತಕ್ಷಣ ಬಾಲ ಬಂದ ಹಾಗಾಗುತ್ತೆ." ಇನ್ನೊಂದು ದಿನ, "ರಾತ್ರಿ ಸೀನು ಬಂದರೆ ಬೂದಿ ಎರಚಿದ ಹಾಗೆ ಕಾಣುತ್ತೆ." ನಾವು ಯಾರೂ ನಂಬಲಿಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಹೊಸ ಟಿವಿಯಲ್ಲಿ ಚಿತ್ರ ಹಳೇದಕ್ಕಿಂತ ಕೆಟ್ಟದಾಗಿರೋಕೆ ಸಾಧ್ಯವೇ? ಅಪ್ಪನಿಗೆ ಆಗ ನಲವತ್ತೈದು ದಾಟಿತ್ತು. ಕಣ್ಣಿನ ದೋಷ ಅಂತ ನಾನೂ ಅಮ್ಮನೂ ತೀರ್ಮಾನ ಮಾಡಿ ಡಾಕ್ಟರ ಹತ್ತಿರ ಕರಕೊಂಡು ಹೋದೆವು. ಹೊಸ ಕನ್ನಡಕ ಬಂತು. ಬಾಲ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಅಪ್ಪ ಹೇಳೋದನ್ನೇ ಬಿಟ್ಟರು.

ಇಂಜಿನಿಯರಿಂಗ್ ಓದಿ, ಕೆಲಸಕ್ಕೆ ಸೇರಿ, ಪರದೆ ಮೇಲೆ ಚಿತ್ರ ಮೂಡಿಸುವ ಕೋಡ್ ಬರೆಯೋ ತನಕ ನನಗೆ ಗೊತ್ತಿರಲಿಲ್ಲ: ಅಪ್ಪ ಹೇಳಿದ ಎರಡೂ ಮಾತು ಅಕ್ಷರಶಃ ನಿಜವಾಗಿತ್ತು. ಅದು ಹೇಗೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡಬ್ಬ ಟಿವಿಯ ಹೊಟ್ಟೆಯೊಳಗಿದ್ದ ಕ್ಯಾಥೋಡ್ ರೇ ಟ್ಯೂಬನ್ನು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಮಾಡಿದ್ದು. ಅವನಿಗೆ ಟಿವಿಯ ಕನಸೇನೂ ಇರಲಿಲ್ಲ, ವಿದ್ಯುತ್ತಿನ ಏರಿಳಿತವನ್ನು ಕಣ್ಣಲ್ಲಿ ನೋಡಬೇಕಿತ್ತು ಅಷ್ಟೇ. 1926ರ ಡಿಸೆಂಬರ್ 25ರಂದು ಜಪಾನಿನ ಹಮಾಮಾತ್ಸುವಿನಲ್ಲಿ ಕೆಂಜಿರೋ ತಕಯನಗಿ ಅಂಥ ಟ್ಯೂಬಿನ ಮೇಲೆ ಜಪಾನಿ ಲಿಪಿಯ 'ಇ' ಅಕ್ಷರವನ್ನು ಮೂಡಿಸಿದರು. ಬರೀ 40 ಗೆರೆಗಳ ಚಿತ್ರ. ಮರುವರ್ಷ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫೈಲೋ ಫಾರ್ನ್ಸ್‌ವರ್ತ್ ಕ್ಯಾಮೆರಾ ಕಡೆಯನ್ನೂ ಪೂರ್ತಿ ಎಲೆಕ್ಟ್ರಾನಿಕ್ ಮಾಡಿ ಒಂದು ಗೆರೆಯನ್ನು ಕಳಿಸಿ ತೋರಿಸಿದ. ಬಣ್ಣ ಬಂದಿದ್ದು 1954ರಲ್ಲಿ, ಅಮೆರಿಕದ ಆರ್‌ಸಿಎ ಕಂಪನಿಯ 15 ಇಂಚಿನ ಟ್ಯೂಬಿನ ಸೆಟ್ಟಿನಿಂದ. ಅದರ ಬೆಲೆ 1000 ಡಾಲರ್. ಪರದೆಯ ಹಿಂದೆ ಸಾವಿರಾರು ತೂತಿನ ಒಂದು ಲೋಹದ ಹಾಳೆ, ಕೆಂಪು, ಹಸಿರು, ನೀಲಿಗೆ ಒಂದೊಂದು ಎಲೆಕ್ಟ್ರಾನ್ ಕಿರಣ. ಬಹುಪಾಲು ಎಲೆಕ್ಟ್ರಾನು ಆ ಹಾಳೆಗೇ ಬಡಿದು ವ್ಯರ್ಥವಾಗ್ತಿತ್ತು. 1968ರಲ್ಲಿ ಸೋನಿಯ ಟ್ರಿನಿಟ್ರಾನ್ ತೂತುಗಳ ಬದಲು ಉದ್ದುದ್ದ ಸೀಳುಗಳನ್ನು ಇಟ್ಟು ಚಿತ್ರವನ್ನು ಇನ್ನಷ್ಟು ಪ್ರಕಾಶಮಾನ ಮಾಡಿತು.

ನಮ್ಮಲ್ಲಿ ದೂರದರ್ಶನ ಕಪ್ಪು ಬಿಳುಪಿನಲ್ಲಿ ದೆಹಲಿಯಿಂದ ಶುರುವಾಗಿದ್ದು 1959ರ ಸೆಪ್ಟೆಂಬರ್ 15ಕ್ಕೆ, ಬಣ್ಣ ಬಂದಿದ್ದು 1982ರ ಆಗಸ್ಟ್ 15ಕ್ಕೆ, ಏಷ್ಯನ್ ಗೇಮ್ಸ್ ನೆಪದಲ್ಲಿ. ನಾವು ಆರಿಸಿಕೊಂಡ ಪದ್ಧತಿ ಪ್ಯಾಲ್: 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣೋದು 576. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಒಂದು ತಮಾಷೆ ಕೇಳಿ. ಟ್ಯೂಬ್ ಟಿವಿಯಲ್ಲಿ ಪೂರ್ತಿ ಚಿತ್ರ ಅಂತ ಒಂದು ಯಾವ ಕ್ಷಣದಲ್ಲೂ ಇರೋದೇ ಇಲ್ಲ! ಕಿರಣ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡ್ತಾ ಹೋಗುತ್ತೆ. ತಗುಲಿದ ಜಾಗದ ಫಾಸ್ಫರ್ ಹೊಳೆದು ಮರುಗಳಿಗೆಯಲ್ಲೇ ಆರುತ್ತೆ. ಕೆಳಗಿನ ಗೆರೆ ಬರೆಯೋ ಹೊತ್ತಿಗೆ ಮೇಲಿನದು ಕತ್ತಲು. ಹೀಗೆ ಸೆಕೆಂಡಿಗೆ 50 ಸಲ. ಉಳಿದಿದ್ದನ್ನೆಲ್ಲ ಜೋಡಿಸೋದು ನಮ್ಮ ಕಣ್ಣು ಮತ್ತು ಮಿದುಳು. ಅಂದರೆ ಚೆಂಡು ಪ್ರತಿ ಸಲವೂ ಒಂದು ಜಾಗದಲ್ಲಿ 'ಮಿಂಚಿ' ಮಾಯವಾಗುತ್ತೆ, ಆಮೇಲೆ ಮುಂದಿನ ಜಾಗದಲ್ಲಿ ಮಿಂಚುತ್ತೆ. ಚೆಂಡಿನ ಹಿಂದೆ ಓಡ್ತಿರೋ ಕಣ್ಣಿಗೆ ಅದು ಚೊಕ್ಕವಾಗಿ ಕಾಣುತ್ತೆ. ಇನ್ನು ಕಪ್ಪು? ಕಿರಣ ಬೀಳದ ಜಾಗ ಕಪ್ಪು. ಅಲ್ಲಿ ಬೆಳಕೇ ಇಲ್ಲ, ಅಷ್ಟೇ ಲೆಕ್ಕ.

ಎಲ್‌ಸಿಡಿಯ ವಂಶಾವಳಿ ಬೇರೆ. 1888ರಲ್ಲಿ ಪ್ರಾಗ್‌ನಲ್ಲಿ ಸಸ್ಯಶಾಸ್ತ್ರಜ್ಞ ಫ್ರೆಡ್ರಿಕ್ ರೈನಿಟ್ಸರ್ ಒಂದು ವಸ್ತುವನ್ನು ಕಾಯಿಸಿದಾಗ ಅದು ಎರಡೆರಡು ಸಲ ಕರಗಿದಂತೆ ಕಂಡಿತು. ಅದೇ ದ್ರವಸ್ಫಟಿಕದ ಮೊದಲ ಪರಿಚಯ. 1968ರಲ್ಲಿ ಅದನ್ನು ಡಿಸ್‌ಪ್ಲೇ ಮಾಡಿ ಪತ್ರಕರ್ತರಿಗೆ ತೋರಿಸಿದ್ದು ಜಾರ್ಜ್ ಹೈಲ್ಮೈಯರ್ ತಂಡ. ಎಲ್ಲಿ ಅಂತೀರಾ? ಅದೇ ಆರ್‌ಸಿಎ! ಆದರೆ ಟ್ಯೂಬಿನಿಂದ ಚೆನ್ನಾಗಿ ದುಡ್ಡು ಮಾಡ್ತಿದ್ದ ಆ ಕಂಪನಿ ಇದನ್ನು ದೊಡ್ಡದಾಗಿ ಬೆಳೆಸಲೇ ಇಲ್ಲ. ಜಪಾನಿನ ಶಾರ್ಪ್ 1973ರಲ್ಲಿ ಎಲ್‌ಸಿಡಿಯನ್ನು ಕ್ಯಾಲ್ಕ್ಯುಲೇಟರಿಗೆ ಹಾಕಿ ಮಾರಿತು, 1988ರಲ್ಲಿ 14 ಇಂಚಿನ ಬಣ್ಣದ ಎಲ್‌ಸಿಡಿ ಪರದೆ ತೋರಿಸಿತು.

ಎಲ್‌ಸಿಡಿ ತಾನೇ ಬೆಳಕು ಕೊಡಲ್ಲ. ಹಿಂದೆ ಯಾವಾಗಲೂ ದೀಪ ಉರೀತಿರುತ್ತೆ, ಮುಂದಿನ ದ್ರವಸ್ಫಟಿಕ ಕಿಟಕಿ ಪರದೆ ಥರ. ಎಷ್ಟು ಎಳೆದು ಮುಚ್ಚಿದರೂ ಸಂದಿಯಿಂದ ಸ್ವಲ್ಪ ಬೆಳಕು ಸೋರುತ್ತೆ. ಅದೇ ಅಪ್ಪ ಹೇಳಿದ ಬೂದಿ. ಇನ್ನು ಬಾಲದ ವಿಷಯ. ಹಳೇ ಎಲ್‌ಸಿಡಿಯ ಸ್ಫಟಿಕಗಳು ತಿರುಗೋದು ನಿಧಾನ ಅನ್ನೋದು ಒಂದು ಕಾರಣ. ಆದರೆ ಅದನ್ನು ಎಷ್ಟು ಚುರುಕು ಮಾಡಿದರೂ ಇನ್ನೊಂದು ಕಾರಣ ಉಳಿಯುತ್ತೆ. ಎಲ್‌ಸಿಡಿ ಒಂದು ಚಿತ್ರವನ್ನು ಮುಂದಿನದು ಬರೋ ತನಕ ಅಲ್ಲಾಡದೆ ಹಿಡಿದು ನಿಲ್ಲಿಸುತ್ತೆ, ಸೆಕೆಂಡಿಗೆ 50 ಅಂದರೆ ಪ್ರತಿಯೊಂದನ್ನೂ 20 ಮಿಲಿಸೆಕೆಂಡ್. ಆದರೆ ನಮ್ಮ ಕಣ್ಣು ನಿಲ್ಲಲ್ಲ, ಚೆಂಡಿನ ಜೊತೆ ಜಾರ್ತಾನೇ ಇರುತ್ತೆ. ನಿಂತ ಚಿತ್ರ, ಓಡುವ ಕಣ್ಣು. ಹೀಗಾಗಿ ರೆಟಿನಾ ಮೇಲೆ ಚಿತ್ರ ಒರೆಸಿದ ಹಾಗಾಗುತ್ತೆ.

ಲೆಕ್ಕ ಬೇಕಾ? ನಮ್ಮ 32 ಇಂಚಿನ ಪರದೆಯ ಅಗಲ 1366 ಪಿಕ್ಸೆಲ್. ಚೆಂಡು ಒಂದು ಸೆಕೆಂಡಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಯ್ತು ಅಂದುಕೊಳ್ಳಿ. 1366 ಭಾಗಿಸು 50, ಹತ್ತಿರ ಹತ್ತಿರ 27 ಪಿಕ್ಸೆಲ್ ಬಾಲ. ದೂರದ ಕ್ಯಾಮೆರಾದಲ್ಲಿ ಚೆಂಡೇ ಅಷ್ಟು ದಪ್ಪ ಇರಲ್ಲ! ಅಪ್ಪನ ಕಣ್ಣು ಸರಿಯಾಗಿಯೇ ಇತ್ತು. ಕಣ್ಣು ಚೆಂಡನ್ನು ಸರಿಯಾಗಿ ಹಿಂಬಾಲಿಸ್ತಾ ಇದ್ದಿದ್ದರಿಂದಲೇ ಬಾಲ ಕಾಣ್ತಿತ್ತು.

ಸಾಲದ್ದಕ್ಕೆ ನಮ್ಮೂರಿನ ಕೇಬಲ್. ಆಗ ಬರ್ತಿದ್ದಿದ್ದು ಅದೇ ಹಳೇ 576 ಗೆರೆಗಳ ಅನಲಾಗ್ ಸಿಗ್ನಲ್. ಟ್ಯೂಬ್ ಟಿವಿಗೆ ಅದು ಹುಟ್ಟಿನಿಂದ ಬಂದ ಭಾಷೆ. ಎಲ್‌ಸಿಡಿ ಮಾತ್ರ ಅದನ್ನು 768 ಸಾಲುಗಳಿಗೆ ಹಿಗ್ಗಿಸಬೇಕು, ಸಮ ಬೆಸ ಅಂತ ಬಿಟ್ಟು ಬಿಟ್ಟು ಬರೋ ಗೆರೆಗಳನ್ನು ಊಹೆ ಮಾಡಿ ಹೊಲಿಯಬೇಕು. ಅದರ ಮೇಲೆ ನಾವು 4:3 ಚಿತ್ರವನ್ನು 16:9ಕ್ಕೆ ಎಳೆದು ಕೂರಿಸ್ತಿದ್ದೆವು, ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟರೆ ಕೊಟ್ಟ ದುಡ್ಡು ವೇಸ್ಟು ಅಂತ! ಧಾರಾವಾಹಿಯ ಅತ್ತೆ ಸೊಸೆ ಎಲ್ಲರ ಮುಖವೂ ತಟ್ಟೆ ಇಡ್ಲಿ. ನಿಮ್ಮ ಮನೆಯಲ್ಲೂ ಹಾಗೇ ತಾನೇ? :-)

ಹಾಗಾದರೆ ಟ್ಯೂಬ್ ಸೋತಿದ್ದು ಯಾಕೆ? ತೂಕದಿಂದ, ಗಾತ್ರದಿಂದ. ಟ್ಯೂಬಿನೊಳಗೆ ನಿರ್ವಾತ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತುತ್ತೆ. 21 ಇಂಚಿನ ಮುಖಕ್ಕೆ ಲೆಕ್ಕ ಹಾಕಿದರೆ ಒಂದು ಟನ್ನಿಗೂ ಜಾಸ್ತಿ! ಅದನ್ನು ತಡೆಯೋಕೆ ದಪ್ಪ ಗಾಜು, ಎಕ್ಸ್‌ರೇ ಹೊರಬರದ ಹಾಗೆ ಗಾಜಿನಲ್ಲಿ ಸೀಸ. ಪರದೆ ದೊಡ್ಡದಾದಷ್ಟೂ ಹೊಟ್ಟೆ ಹಿಂದಕ್ಕೆ ಬೆಳೆಯುತ್ತೆ. 1989ರಲ್ಲಿ ಸೋನಿ 43 ಇಂಚಿನ ಟ್ಯೂಬ್ ಟಿವಿ ಮಾಡಿ ನೋಡಿತು. ತೂಕ ಸುಮಾರು 200 ಕೆಜಿ. ಎರಡು ಚೀಲ ಸಿಮೆಂಟು ನೂರು ಕೆಜಿ, ಇದು ನಾಲ್ಕು ಚೀಲ! ಇವತ್ತು 43 ಇಂಚಿನ ಚಪ್ಪಟೆ ಟಿವಿಯನ್ನು ಒಬ್ಬನೇ ಎತ್ತಿ ಗೋಡೆಗೆ ಹಾಕಬಹುದು.

2007ರ ಕೊನೆಯ ಮೂರು ತಿಂಗಳಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಎಲ್‌ಸಿಡಿ ಮೊದಲ ಸಲ ಟ್ಯೂಬನ್ನು ಹಿಂದೆ ಹಾಕಿತು. 2008ರಲ್ಲಿ ಸೋನಿ ಟ್ರಿನಿಟ್ರಾನ್ ತಯಾರಿಕೆಗೆ ಮಂಗಳ ಹಾಡಿತು. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಪ್ಪಟೆ ಟಿವಿ ಝಗ್ ಅಂತ ಹೊಳೀತಿತ್ತು, ಕಪ್ಪು ಎಷ್ಟು ಕಪ್ಪು ಅಂತ ಅಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ. ನನಗೂ ಗೊತ್ತಾಗಲಿಲ್ಲ. ನಾನು ನೋಡಿದ್ದು ಅದು ಎಷ್ಟು ತೆಳ್ಳಗಿದೆ ಅಂತ ಮಾತ್ರ.

ಚಪ್ಪಟೆಯಾಗಿಯೂ ಟ್ಯೂಬಿನಂಥ ಚಿತ್ರ ಕೊಡೋ ಪ್ರಯತ್ನ ನಡೆಯಲಿಲ್ಲ ಅಂತಲ್ಲ. ಕ್ಯಾನನ್ ಮತ್ತು ತೋಶಿಬಾ ಸೇರಿ 'ಎಸ್‌ಇಡಿ' ಅನ್ನೋ ಪರದೆ ಮಾಡಿದ್ದವು. ಪ್ರತಿ ಚುಕ್ಕೆಗೂ ತನ್ನದೇ ಪುಟಾಣಿ ಎಲೆಕ್ಟ್ರಾನ್ ಮೂಲ. ಪ್ರದರ್ಶನದಲ್ಲಿ ನೋಡಿದವರು ಕೊಂಡಾಡಿದರು. ಪೇಟೆಂಟ್ ಜಗಳ, ದಿನೇ ದಿನೇ ಇಳಿಯುತ್ತಿದ್ದ ಎಲ್‌ಸಿಡಿ ಬೆಲೆ. 2010ರಲ್ಲಿ ಕ್ಯಾನನ್ ಅದನ್ನು ಕೈಬಿಟ್ಟಿತು. ಪ್ಲಾಸ್ಮಾ ಹುಟ್ಟಿದ್ದು 1964ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅದೂ ಟ್ಯೂಬಿನ ಹಾಗೆ ಫಾಸ್ಫರನ್ನು ಮಿಂಚಿಸುತ್ತೆ, ಕಪ್ಪೂ ಚೆನ್ನಾಗಿತ್ತು. ಪಯೋನಿಯರ್ ತನ್ನ ಪ್ಲಾಸ್ಮಾಗೆ ಇಟ್ಟ ಹೆಸರೇ 'ಕುರೊ', ಜಪಾನಿ ಭಾಷೆಯಲ್ಲಿ ಕಪ್ಪು ಅಂತ. 2009ರಲ್ಲಿ ಪಯೋನಿಯರ್ ಟಿವಿ ವ್ಯಾಪಾರದಿಂದಲೇ ಹೊರಬರ್ತೀನಿ ಅಂತ ಘೋಷಿಸಿತು. 2014ರ ಹೊತ್ತಿಗೆ ಪ್ಯಾನಸಾನಿಕ್, ಸ್ಯಾಮ್‌ಸಂಗ್, ಎಲ್‌ಜಿ ಎಲ್ಲವೂ ಪ್ಲಾಸ್ಮಾ ಕೈಬಿಟ್ಟವು.

ನಿಜವಾದ ಕಪ್ಪು ವಾಪಸ್ ಬಂದಿದ್ದು ಓಎಲ್‌ಇಡಿಯಿಂದ. ಕೊಡ್ಯಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ 1987ರಲ್ಲಿ ಅದರ ಬಗ್ಗೆ ಬರೆದಿದ್ದರು. 2007ರಲ್ಲಿ ಸೋನಿ 11 ಇಂಚಿನದ್ದೊಂದನ್ನು ಮಾರಿತು, 2013ರಲ್ಲಿ ಎಲ್‌ಜಿ 55 ಇಂಚಿನದ್ದು ತಂದಿತು. ಪ್ರತಿ ಪಿಕ್ಸೆಲ್ಲೂ ತಾನೇ ದೀಪ, ಕಪ್ಪು ಬೇಕಾದರೆ ಆರಿಸಿದರಾಯ್ತು. ಆದರೆ ಅದೂ ಚಿತ್ರವನ್ನು ಹಿಡಿದು ನಿಲ್ಲಿಸುತ್ತೆ. ಅದಕ್ಕೇ ಈಗಿನ ಕೆಲವು ಟಿವಿಗಳಲ್ಲಿ ಎರಡು ಚಿತ್ರಗಳ ನಡುವೆ ಬೇಕಂತಲೇ ಒಂದು ಕಪ್ಪು ಚಿತ್ರ ತುರುಕುವ ಆಯ್ಕೆ ಇರುತ್ತೆ. ಅಂದರೆ ಡಬ್ಬ ಟಿವಿ ಸಹಜವಾಗಿ ಮಾಡ್ತಿದ್ದದ್ದನ್ನು ಕಷ್ಟಪಟ್ಟು ನಕಲು ಮಾಡೋದು!

ಸರಿ, ಮತ್ತೆ ಅಜ್ಜಿ ಮನೆಗೆ ಬರೋಣ. ಭಾನುವಾರ ಮ್ಯಾಚ್ ಇತ್ತು. ಹಾಲ್‌ನಲ್ಲಿದ್ದ 43 ಇಂಚಿನ ಎಲ್‌ಇಡಿ ಟಿವಿಯ (ಅದೂ ಎಲ್‌ಸಿಡಿಯೇ, ಹಿಂದಿನ ದೀಪ ಮಾತ್ರ ಎಲ್‌ಇಡಿ) ಪಕ್ಕಕ್ಕೆ ಡಬ್ಬ ಟಿವಿಯನ್ನು ನಾನೂ ಮಾವನ ಮಗನೂ ಏದುಸಿರು ಬಿಡ್ತಾ ತಂದು ಇಟ್ಟೆವು. ಒಂದೇ ಸೆಟ್‌ಟಾಪ್ ಬಾಕ್ಸು. ಎಚ್‌ಡಿಎಂಐ ಕೇಬಲ್ ಎಲ್‌ಇಡಿಗೆ, ಹಳದಿ ಕೆಂಪು ಬಿಳಿ ತಂತಿ ಡಬ್ಬಕ್ಕೆ.

ಪ್ರಾಮಾಣಿಕವಾಗಿ ಹೇಳ್ತೀನಿ. ಹಗಲಿನಲ್ಲಿ ಎಲ್‌ಇಡಿಯದ್ದೇ ಮೇಲುಗೈ. ಹುಲ್ಲಿನ ಎಸಳು, ಜರ್ಸಿ ಮೇಲಿನ ಅಕ್ಷರ ಎಲ್ಲ ಸ್ಪಷ್ಟ. ಸ್ಕೋರನ್ನು ಅಜ್ಜಿಯೂ ಓದಿದರು. ಡಬ್ಬದ ಗಾಜಿನಲ್ಲಿ ಕಾಣ್ತಿದ್ದಿದ್ದು ಕಿಟಕಿ ಮತ್ತು ನನ್ನ ಮುಖ. ಒಂದು ಮೂಲೆಯಲ್ಲಿ ನೇರಳೆ ಕಲೆ ಬೇರೆ. ಹತ್ತಿರ ಕೂತರೆ ಮಿಣಮಿಣ. ಎಲ್ಲ ಹಳೇದೂ ಚಿನ್ನ ಅಂತ ನಾನು ಹೇಳ್ತಾ ಇಲ್ಲ.

ಸಂಜೆಯಾಗಿ ದೀಪ ಆರಿಸಿದ ಮೇಲೆ ಆಟ ಬದಲಾಯ್ತು. ಡಬ್ಬದಲ್ಲಿ ಮೊದಲು ಬ್ಯಾಟಿಗೆ ಚೆಂಡು, ಎಲ್‌ಇಡಿಯಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾಗಿ. ಎಲ್‌ಇಡಿಯಲ್ಲಿ ಸ್ಟೇಡಿಯಂ ಮೇಲಿನ ಆಕಾಶ ಬೂದು, ಡಬ್ಬದಲ್ಲಿ ಅಮಾವಾಸ್ಯೆ. ಒಬ್ಬ ಬೌಂಡರಿ ಕಡೆ ಹೊಡೆದ. ಎಲ್‌ಇಡಿಯಲ್ಲಿ ಒಂದು ಬಿಳಿ ಗೀರು ಓಡಿತು. ಡಬ್ಬದಲ್ಲಿ ಓಡಿದ್ದು ಚೆಂಡು.

ಅಪ್ಪ ಅಡಿಕೆ ಕತ್ತರಿಸ್ತಾ ಕೂತಿದ್ದರು. "ಅಪ್ಪಾ, ಆವತ್ತು ನೀವು ಹೇಳಿದ್ದು ಸರಿ ಇತ್ತು. ಕಣ್ಣಿನ ದೋಷ ಅಲ್ಲ ಅದು," ಅಂದೆ. ಹಿಡಿದು ನಿಲ್ಲಿಸೋದು, 20 ಮಿಲಿಸೆಕೆಂಡು, 27 ಪಿಕ್ಸೆಲ್ಲು, ಎಲ್ಲ ವಿವರಿಸಿದೆ. ಅಪ್ಪ ತಾಳ್ಮೆಯಿಂದ ಕೇಳಿದರು. ಆಮೇಲೆ, "ಆ ಕನ್ನಡಕ ನಾನು ಮೂರೇ ದಿನ ಹಾಕಿದ್ದು ಕಣೋ. ನಿಮ್ಮಮ್ಮ ದುಡ್ಡು ದಂಡ ಅಂತ ಬೈತಾಳೆ ಅಂತ ಹೇಳಲಿಲ್ಲ," ಅಂದರು.

ಆಫೀಸಿನಲ್ಲಿ ಯಾರಾದರೂ ಬಳಕೆದಾರರು "ಏನೋ ಸರಿ ಇಲ್ಲ" ಅಂತ ಬಗ್ ರಿಪೋರ್ಟ್ ಹಾಕಿದರೆ "ನನ್ನ ಮೆಷಿನ್‌ನಲ್ಲಿ ಸರಿಯಾಗಿದೆ" ಅಂತ ಮುಚ್ಚಿಬಿಡೋ ಅಭ್ಯಾಸ ನನಗೂ ಇತ್ತು. ಈಗ ಮುಚ್ಚೋ ಮೊದಲು ಒಂದು ಸಲ ಅಪ್ಪನ ಕನ್ನಡಕ ನೆನಪಾಗುತ್ತೆ.

ಡಬ್ಬ ಟಿವಿಯನ್ನು ಮತ್ತೆ ಒಳಗೆ ಇಡೋಕೆ ಅಪ್ಪ ಬಿಡಲಿಲ್ಲ. ಇನ್ನೊಂದು ಮ್ಯಾಚ್ ಆಗಲಿ ಅಂದಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲೂ ಒಂದು ಇದ್ದರೆ, ಗುಜರಿಗೆ ಹಾಕೋ ಮೊದಲು ದೀಪ ಆರಿಸಿ ಒಂದು ಓವರ್ ನೋಡಿ.